ಕಿತ್ತು ಬಂದ ಹಸಿರು ಮೂತಿ

ಹೊಸಪೇಟೆಯಲ್ಲಿ ಎಟಿಎಂ ರಿಪೇರಿಯ ಕೆಲಸಕ್ಕೆ ಸೇರಿ ಆಗ ಮೂರು ವರ್ಷವಾಗಿತ್ತು. ನಾನು ಬ್ಯಾಂಕಿನ ನೌಕರನಾಗಿರಲಿಲ್ಲ. ಮಷಿನ್ನುಗಳನ್ನು ನೋಡಿಕೊಳ್ಳಲು ಬ್ಯಾಂಕು ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿತ್ತು, ಆ ಕಂಪನಿ ನನ್ನನ್ನು ಇಟ್ಟುಕೊಂಡಿತ್ತು. ಹಂಪಿ, ಕಂಪ್ಲಿ, ಸಂಡೂರಿನ ಮಷಿನ್ನುಗಳು ನನ್ನ ಪಾಲಿಗೆ ಬಂದಿದ್ದವು. ಹಂಪಿಯಲ್ಲಿ ಪ್ರವಾಸಿಗರ ಕಾರ್ಡು ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಕಂಪ್ಲಿಯಲ್ಲಿ ಕರೆಂಟು ಕೈಕೊಡುತ್ತಿತ್ತು. ಸಂಡೂರಿನಲ್ಲಿ ಅದಿರಿನ ಕೆಂಪು ಧೂಳು ಕಾರ್ಡು ಹಾಕುವ ಸೀಳಿನೊಳಗೆಲ್ಲ ಕೂತು, ಹದಿನೈದು ದಿನಕ್ಕೊಮ್ಮೆ ಬ್ರಷ್ಷು ಹಾಕದಿದ್ದರೆ ಮಷಿನ್ನು ಯಾರ ಕಾರ್ಡನ್ನೂ ಓದುತ್ತಿರಲಿಲ್ಲ.

ಆ ದಿನ ನನ್ನ ಮೊಬೈಲಿಗೆ ಬಂದ ದೂರು ಚಿಕ್ಕದಾಗಿತ್ತು: 'ಸಂಡೂರು. ಕಾರ್ಡ್ ರೀಡರ್ ತೊಂದರೆ. ಗ್ರಾಹಕರಿಂದ ಗಲಾಟೆ.' ಬೈಕಿನಲ್ಲಿ ಅಲ್ಲಿಗೆ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಗಲಾಟೆಯೇನೂ ಕಾಣಲಿಲ್ಲ. ಎಟಿಎಂ ಬಾಗಿಲಿಗೆ ಅಡ್ಡವಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅರವತ್ತು ದಾಟಿದ ಒಬ್ಬ ಹೆಂಗಸು ಕೂತಿದ್ದರು. ಕಾಟನ್ ಸೀರೆ, ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟಿದ ವಾಚು, ಮಡಿಲಲ್ಲಿ ಗಂಟು ಕಟ್ಟಿದ ಕರವಸ್ತ್ರ.

"ಒಳಗ ಹೋಗಬ್ಯಾಡ್ರಿ, ಮಷಿನ್ ಕೆಟ್ಟದ" ಎಂದರು.

"ಅಮ್ಮಾ, ನಾನs ರಿಪೇರಿಗೆ ಬಂದೀನ್ರಿ."

"ಗುರುತಿನ ಕಾರ್ಡ್ ತೋರ್ಸು ಮೊದಲು."

ತೋರಿಸಿದೆ. ಫೋಟೋವನ್ನೂ ನನ್ನ ಮುಖವನ್ನೂ ಎರಡು ಸಲ ನೋಡಿದರು. ಆಮೇಲೆ ಗಂಟು ಬಿಚ್ಚಿದರು. ಒಳಗೆ ಅಂಗೈಯಷ್ಟಗಲದ ಹಸಿರು ಪ್ಲಾಸ್ಟಿಕ್ ತುಂಡು. ನಮ್ಮ ಮಷಿನ್ನಿನಲ್ಲಿ ಕಾರ್ಡು ಹಾಕುವ ಜಾಗದ ಮೂತಿ ಹೇಗಿದೆಯೋ ಹಾಗೆಯೇ ಇತ್ತು. ಅದೇ ಬಣ್ಣ, ಅದೇ ಉಬ್ಬು. ತಿರುಗಿಸಿದರೆ ಹಿಂಬದಿಯಲ್ಲಿ ಅಂಟು, ಕೂದಲೆಳೆಯಂಥ ತಂತಿ, ಸಣ್ಣ ಬ್ಯಾಟರಿ.

ಅವರು ಗಣಿ ಟೌನ್‌ಶಿಪ್ಪಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಊರೆಲ್ಲ ಅವರನ್ನು ಸಿಸ್ಟರ್ ಅನ್ನುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ದುಡ್ಡು ತೆಗೆಯಲು ಬಂದಿದ್ದಾರೆ. ಕಾರ್ಡು ಒಳಗೆ ಹೋಗುವಾಗ ಬಿಗಿಯಾಗಿದೆ.

"ಮೂವತ್ತು ವರ್ಷ ಸೂಜಿ ಚುಚ್ಚೀನಿ ತಮ್ಮಾ. ಒಳಗ ಏನರ ಅಡ್ಡ ಬಂದ್ರ ಕೈಗೆ ಗೊತ್ತಾಗ್ತದ. ಹಿಡದು ಜಗ್ಗಿದೆ, ಕಿತ್ತು ಕೈಯಾಗ ಬಂತು."

ಮಷಿನ್ನಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದ್ದಾರೆ. ಒಂದು ಒತ್ತಿ, ಎರಡು ಒತ್ತಿ ಎನ್ನುತ್ತ ಅದು ಅವರನ್ನು ಕಾಲು ಗಂಟೆ ಸುತ್ತಿಸಿದೆ. ಕೊನೆಗೆ ಸಿಕ್ಕ ಹುಡುಗಿಗೆ ಸಂಡೂರು ಎಲ್ಲಿದೆ ಎಂದೇ ಗೊತ್ತಿಲ್ಲ. ಶಾಖೆಗೆ ಫೋನ್ ಮಾಡಿದರೆ, ಎಟಿಎಂ ನಮ್ಮದಲ್ಲ, ಅದು ಬೇರೆ ವಿಭಾಗ ಎಂದಿದ್ದಾರೆ. ಅಷ್ಟರಲ್ಲಿ ಇಬ್ಬರು ಕಾರ್ಡು ಹಿಡಿದು ಒಳಗೆ ಬಂದಿದ್ದಾರೆ. ಇವರು ಪಕ್ಕದ ಜೆರಾಕ್ಸ್ ಅಂಗಡಿಯಿಂದ ಕುರ್ಚಿ ಇಸಿದುಕೊಂಡು ಬಾಗಿಲಲ್ಲೇ ಕೂತುಬಿಟ್ಟಿದ್ದಾರೆ. ನಾಲ್ಕು ತಾಸು. ಬಸ್ಸಿಗೆ ಹೊತ್ತಾಯಿತೆಂದು ಬೈದವರಿದ್ದರು, ಈ ಮುದುಕಿಗೆ ತಲೆ ಕೆಟ್ಟಿದೆ ಎಂದವರಿದ್ದರು. ಅವರು ಏಳಲಿಲ್ಲ.

ಒಳಗೆ ಹೋಗಿ ನೋಡಿದೆ. ನಂಬರು ಒತ್ತುವ ಕೀಲಿಗಳ ಮೇಲ್ಗಡೆ ಒಂದು ತೆಳ್ಳನೆ ಪಟ್ಟಿ ಅಂಟಿಸಿದ್ದರು, ಅದರಲ್ಲಿ ಸಾಸಿವೆ ಕಾಳಿನಷ್ಟು ತೂತು. ತೂತಿನ ಹಿಂದೆ ಕ್ಯಾಮೆರಾ. ಕೀಲಿಗಳಿಗೆ ಮರೆಯಾಗಿ ಇರಬೇಕಾದ ಮುಚ್ಚಳ ಮುರಿದುಹೋಗಿ ಆರು ತಿಂಗಳಾಗಿತ್ತು. ನಾನೇ ಎರಡು ಸಲ ಬರೆದು ಕಳಿಸಿದ್ದೆ. ಕಳ್ಳರ ಲೆಕ್ಕ ಸರಳವಾಗಿತ್ತು. ಆಗಿನ್ನೂ ಮಷಿನ್ನುಗಳು ಕಾರ್ಡಿನ ಬೆನ್ನ ಮೇಲಿನ ಕಪ್ಪು ಪಟ್ಟಿಯನ್ನೇ ಓದುತ್ತಿದ್ದವು. ಹಸಿರು ಮೂತಿ ಆ ಪಟ್ಟಿಯನ್ನು ನಕಲು ಮಾಡಿಕೊಳ್ಳುತ್ತದೆ, ಕ್ಯಾಮೆರಾ ಬೆರಳನ್ನು ನೋಡಿ ಪಿನ್ ಬರೆದುಕೊಳ್ಳುತ್ತದೆ. ಕದ್ದದ್ದೆಲ್ಲ ಆಗಿಂದಾಗಲೇ ತಂತಿಯಿಲ್ಲದೆ ಕಳ್ಳರ ಫೋನಿಗೆ ಹೋಗುತ್ತಿರುತ್ತದೆ. ಎರಡೂ ಸಿಕ್ಕರೆ ಬೇರೊಂದು ಕಾರ್ಡು ಮಾಡಿಕೊಂಡು ಯಾವ ಊರಿನಲ್ಲಾದರೂ ದುಡ್ಡು ತೆಗೆಯಬಹುದು.

ಎಂಟು ದಿನದ ಹಿಂದೆ ಇದೇ ಮಷಿನ್ನಿಗೆ ನಾನು ಬ್ರಷ್ಷು ಹಾಕಿ ಹೋಗಿದ್ದೆ. ಆಗಲೂ ಅದು ಅಲ್ಲಿತ್ತೇ? ಎಷ್ಟು ನೆನಪಿಸಿಕೊಂಡರೂ ಗೊತ್ತಾಗಲಿಲ್ಲ. ಜಗ್ಗಿ ನೋಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಹೊಸಪೇಟೆಯ ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ಅವನು ಒಂದೇ ಉಸಿರಿಗೆ ಹೇಳಿದ: "ಆ ಪೀಸ್ ಇಸ್ಕೋ, ಜಲ್ದಿ ಮಷಿನ್ ಚಾಲೂ ಮಾಡು, ಕಂಪ್ಲೇಂಟ್ ಕ್ಲೋಸ್ ಮಾಡು. ಬಂದ್ ಇದ್ದಷ್ಟು ಹೊತ್ತು ನಮಗ ದಂಡ ಬೀಳ್ತದಲೇ."

ಸಿಸ್ಟರ್ ತುಂಡು ಕೊಡಲಿಲ್ಲ. "ಇದನ್ನ ಪೊಲೀಸರಿಗೆ ಕೊಡ್ತೀನಿ. ನೀ ಫೋಟೋ ಬೇಕಾದ್ರ ಹೊಡಕೋ" ಎಂದರು. ಹೊಡೆದುಕೊಂಡೆ. ಕ್ಯಾಮೆರಾದ ಪಟ್ಟಿಯನ್ನೂ ಕಿತ್ತುಕೊಂಡು, ಮಷಿನ್ನು ಬಂದ್ ಮಾಡಿ, ಇಬ್ಬರೂ ಶಾಖೆಗೆ ಹೋದೆವು.

ಮ್ಯಾನೇಜರು ಕೆಟ್ಟವರಲ್ಲ. ಇಬ್ಬರೇ ಸಿಬ್ಬಂದಿ ಇಟ್ಟುಕೊಂಡು ಇಡೀ ಶಾಖೆ ನಡೆಸುತ್ತಿದ್ದರು. "ಬರ್ರಿ ಸಿಸ್ಟರ್, ಕುಂದ್ರಿ" ಎಂದು ಚಹಾ ತರಿಸಿದರು. ನಾನು ಹೇಳಿದೆ: "ಸರ್, ಇದರ ಬ್ಯಾಟರಿ ಎಂಟು ದಿನದ ಮ್ಯಾಲ ಬರಂಗಿಲ್ಲ. ಈ ಎಂಟು ದಿನದಾಗ ಯಾರ್‍ಯಾರು ಕಾರ್ಡ್ ಹಾಕ್ಯಾರ ಅಂತ ಮಷಿನ್ನಿನಾಗ ದಾಖಲೆ ಇರ್ತದ. ಅಷ್ಟೂ ಕಾರ್ಡು ಇವತ್ತs ಬಂದ್ ಮಾಡಿ ಹೊಸಾವು ಕೊಟ್ರ ಮುಗೀತು. ಕಳ್ಳರಿಗೆ ಒಂದು ರೂಪಾಯಿ ಸಿಗಂಗಿಲ್ಲ."

"ಅದು ನನ್ನ ಕೈಯಾಗಿಲ್ಲಪ್ಪ. ಮ್ಯಾಲಿಂದ ಪರವಾನಗಿ ಬರಬೇಕು. ಈಗs ಮೇಲ್ ಹಾಕ್ತೀನಿ."

"ಎಷ್ಟು ದಿನ ಆಗ್ತದ್ರೀ?" ಎಂದು ಸಿಸ್ಟರ್ ಕೇಳಿದರು.

"ಬರ್ತದ್ರಿ ಸಿಸ್ಟರ್, ಬರ್ತದ."

ಪೊಲೀಸ್ ಠಾಣೆಯಲ್ಲಿ ತುಂಡು, ಪಟ್ಟಿ ಎರಡನ್ನೂ ತೆಗೆದುಕೊಂಡರು. ಸ್ವೀಕೃತಿ ಚೀಟಿ ಕೊಡುವ ತನಕ ಸಿಸ್ಟರ್ ಅಲ್ಲಿಂದಲೂ ಏಳಲಿಲ್ಲ.

ಆರು ದಿನ ಕಳೆದರೂ ಪರವಾನಗಿ ಬರಲಿಲ್ಲ. ಏಳನೆಯ ದಿನ ಪಾಸ್‌ಬುಕ್ ಮುದ್ರಿಸುವ ಮಷಿನ್ನು ಕೆಟ್ಟಿದೆಯೆಂದು ಮತ್ತೆ ಆ ಶಾಖೆಗೆ ಹೋಗಿದ್ದೆ. ಮ್ಯಾನೇಜರು ಮೀಟಿಂಗಿಗೆಂದು ಬಳ್ಳಾರಿಗೆ ಹೋಗಿದ್ದರು. ಕೌಂಟರಿನ ಮುಂದೆ ಗಣಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು ನಿಂತಿದ್ದಳು. ಹಿಂದಿನ ದಿನವಷ್ಟೇ ಜಮೆಯಾಗಿದ್ದ ಅವಳ ಇಡೀ ತಿಂಗಳ ಸಂಬಳವನ್ನು ಉತ್ತರದ ಯಾವುದೋ ದೊಡ್ಡ ಊರಿನ ಎಟಿಎಂನಲ್ಲಿ ಯಾರೋ ತೆಗೆದಿದ್ದರು.

"ಪಿನ್ ಯಾರಿಗೆ ಹೇಳಿದ್ದಿ?" ಗುಮಾಸ್ತ ಕೇಳಿದ.

"ಯಾರಿಗೂ ಹೇಳಿಲ್ರಿ. ನನ್ನ ಗಂಡಗೂ ಗೊತ್ತಿಲ್ಲ."

"ಮತ್ತ ಹೆಂಗ ಹೋಗ್ತದ? ನಿಮ್ಮಂಥೋರು ಕಾರ್ಡಿನ ಮ್ಯಾಲೇ ಬರಕೊಂಡಿರ್ತೀರಿ."

ಅವಳು ಕಾರ್ಡನ್ನು ತಿರುಗಿಸಿ ತಿರುಗಿಸಿ ತೋರಿಸಿದಳು. ಅದರ ಮೇಲೆ ಏನೂ ಬರೆದಿರಲಿಲ್ಲ. ಗುಮಾಸ್ತ ದೂರಿನ ಹಾಳೆಯಲ್ಲಿ 'ಗ್ರಾಹಕರ ನಿರ್ಲಕ್ಷ್ಯ' ಎಂದು ಬರೆದು ಸಹಿ ಹಾಕಿಸಿಕೊಂಡ.

ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಹಸಿರು ಮೂತಿಯ ಫೋಟೋ ನನ್ನ ಕಿಸೆಯಲ್ಲಿತ್ತು. ಆದರೆ ಸೂಪರ್‌ವೈಸರ್ ಎಚ್ಚರಿಸಿದ್ದ: ಆ ವಿಷಯ ಹೊರಗೆ ಬಾಯಿ ಬಿಟ್ಟರೆ ಕಂಪನಿಯ ಗುತ್ತಿಗೆ ಹೋಗುತ್ತದೆ, ಅದಕ್ಕೂ ಮೊದಲು ನಿನ್ನ ಕೆಲಸ. ನಾನು ತಲೆ ಬಗ್ಗಿಸಿ ಮಷಿನ್ನಿನ ಸ್ಕ್ರೂ ಬಿಚ್ಚುತ್ತಲೇ ಇದ್ದೆ. ಬಿಚ್ಚಿದ್ದನ್ನೇ ಮತ್ತೆ ಬಿಗಿಮಾಡಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದಳು.

ಹತ್ತು ನಿಮಿಷ ತಡೆದುಕೊಂಡೆ. ಆಮೇಲೆ ಆಗಲಿಲ್ಲ. ಓಡಿಹೋದಾಗ ಅವಳು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಎಲ್ಲ ಹೇಳಿದೆ, ಫೋಟೋ ತೋರಿಸಿದೆ. ಥ್ಯಾಂಕ್ಸ್ ಅನ್ನಬಹುದೆಂದು ನನ್ನ ಮೂರ್ಖ ಮನಸ್ಸು ಕಾದಿತ್ತು.

"ಇದನ್ನ ಅಲ್ಲೇ, ಒಳಗs ಹೇಳಬಾರದಿತ್ತೇನಣ್ಣಾ?" ಎಂದಳು. "ಎಲ್ಲಾರ ಮುಂದ ನಾನs ಸುಳ್ಳಿ ಆದೆ."

ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಸಿಸ್ಟರ್ ಮನೆಗೆ ಹೋದೆ. ಸಿಸ್ಟರ್ ನಡೆದದ್ದನ್ನೆಲ್ಲ ಕೇಳಿ, ಕನ್ನಡಕ ಹಾಕಿಕೊಂಡು ಅವಳ ಪರವಾಗಿ ಬ್ಯಾಂಕಿಗೆ ದೂರು ಬರೆಯಲು ಕೂತರು. ಕೆಳಗೆ ಸಾಕ್ಷಿಯೆಂದು ನನ್ನ ಸಹಿ ಕೇಳಿದರು. ಹಾಕಿದೆ.

ಮುಂದಿನ ಮೂರು ದಿನ ಅವರು ಸಂಡೂರಿನ ಓಣಿ ಓಣಿ ತಿರುಗಿದರು. ಒಂದು ಕಾಲಕ್ಕೆ ಅವರ ಕೈಯಲ್ಲಿ ಸೂಜಿ ಚುಚ್ಚಿಸಿಕೊಳ್ಳದವರೇ ಕಡಿಮೆ. ಯಾರೂ ಬಾಗಿಲು ಹಾಕಲಿಲ್ಲ. ಕ್ಯಾಂಟೀನಿನವಳೂ ಸೇರಿ ದುಡ್ಡು ಕಳೆದುಕೊಂಡವರು ಹನ್ನೊಂದು ಮಂದಿ ಸಿಕ್ಕರು. ಅವರಲ್ಲಿ ನಾಲ್ವರು ಮನೆಯ ಮಕ್ಕಳ ಮೇಲೆ ಅನುಮಾನಪಟ್ಟು ಸುಮ್ಮನಿದ್ದರು. ಒಬ್ಬರಂತೂ ಮಗನಿಗೆ ಹೊಡೆದೂಬಿಟ್ಟಿದ್ದರು. ಹನ್ನೊಂದೂ ಮಂದಿಯನ್ನು ಕರೆದುಕೊಂಡು ಸಿಸ್ಟರ್ ಮ್ಯಾನೇಜರ ಕೋಣೆಗೆ ನುಗ್ಗಿದರು, ನಾನೂ ಹಿಂದೆಯೇ ಹೋದೆ. ಮ್ಯಾನೇಜರು ಅವರೆದುರೇ ಮೇಲಧಿಕಾರಿಗೆ ಫೋನ್ ಮಾಡಿದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ: "ಸರ್, ಮೇಲ್ ಹಾಕಿ ಹತ್ತು ದಿನ ಆತು. ಇಲ್ಲಿ ಮಂದಿ ನಿಂತಾರ, ಏನ್ ಹೇಳಲಿ ನಾನು?"

ಹತ್ತು ದಿನ ಬಾರದ ಪರವಾನಗಿ ಅವತ್ತು ಸಂಜೆಯೊಳಗೆ ಬಂತು. ಎಂಟು ದಿನದ ದಾಖಲೆ ತೆಗೆದು ಕಾರ್ಡುಗಳನ್ನೆಲ್ಲ ಬಂದ್ ಮಾಡಿದರು. ಅಷ್ಟು ಮಾಡಲು ಅರ್ಧ ಗಂಟೆ ಸಾಕಾಯಿತು. ಆ ಅರ್ಧ ಗಂಟೆಯ ಕೆಲಸ ಮೊದಲ ದಿನವೇ ಆಗಿದ್ದರೆ ಕ್ಯಾಂಟೀನಿನ ಹೆಂಗಸು ಕೌಂಟರಿನ ಮುಂದೆ ಹಾಗೆ ನಿಲ್ಲಬೇಕಾಗಿರಲಿಲ್ಲ.

ದುಡ್ಡು ಎಲ್ಲರಿಗೂ ವಾಪಸು ಬಂತು. ಅವಳಿಗೆ ಮಾತ್ರ ಎಲ್ಲರಿಗಿಂತ ಕೊನೆಗೆ, ಮೂರು ತಿಂಗಳಾದ ಮೇಲೆ. ಗುಮಾಸ್ತ ಬರೆದ ಆ ಎರಡು ಪದಗಳನ್ನು ಅಳಿಸಲು ನಾಲ್ಕು ಅರ್ಜಿ ಬೇಕಾಯಿತು. ಕಳ್ಳರು ಸಿಗಲಿಲ್ಲ. ಸಾಕ್ಷಿ ಸಹಿ ಹಾಕಿದ್ದಕ್ಕೆ ಕಂಪನಿ ನನಗೆ ನೋಟಿಸು ಕೊಟ್ಟು ಸಂಡೂರಿನ ಕೆಲಸ ಕಿತ್ತುಕೊಂಡಿತು.

ಸಂಡೂರಿನ ಮಷಿನ್ನಿಗೆ ಹೊಸ ಮೂತಿ ಬಂತು. ಅದರ ಮೇಲೆ ಏನಾದರೂ ಅಂಟಿಸಿದರೆ ಮಷಿನ್ನು ತಾನೇ ನಿಂತು ಸುದ್ದಿ ಕಳಿಸುತ್ತದೆ. ಕಾರ್ಡು ಒಳಗೆ ಹೋಗುವಾಗ ಅಲುಗುತ್ತ ಹೋಗುವುದರಿಂದ ನಕಲು ಮಾಡುವುದು ಕಷ್ಟ. ಕೀಲಿಗಳಿಗೆ ಗಟ್ಟಿ ಮುಚ್ಚಳ ಹಾಕಿದರು. ಇದೆಲ್ಲ ಮೊದಲೇ ಇದ್ದ ಸಾಮಾನು, ಯಾರೂ ಹೊಸದಾಗಿ ಕಂಡುಹಿಡಿದದ್ದಲ್ಲ. ಹಂಪಿ, ಕಂಪ್ಲಿಗೂ ಇದೇ ಹಾಕಿ ಎಂದು ನಾನು ಬರೆದೆ. ಉತ್ತರ ಬಂತು: 'ಸದರಿ ಸ್ಥಳಗಳಲ್ಲಿ ಇದುವರೆಗೆ ಘಟನೆ ವರದಿಯಾಗಿಲ್ಲ.'

ಅದನ್ನು ಸಿಸ್ಟರ್‌ಗೆ ಓದಿ ಹೇಳಿದೆ. ಅವರು ನಗಲಿಲ್ಲ.

"ಲಸಿಕಿ ಕೊಡ್ರಿ ಅಂದ್ರ, ಮೊದಲು ರೋಗ ಬರ್ಲಿ ಅಂದಂಗಾತಲ್ಲೋ ತಮ್ಮಾ" ಎಂದರು.

ಕಂಪ್ಲಿಯ ಹಳೆಯ ಮಷಿನ್ನು ಎರಡು ವರ್ಷದ ನಂತರ ಪೂರ್ತಿ ಕೆಟ್ಟು, ಹೊಸದು ಬಂದಾಗ ಅದರ ಜೊತೆ ಎಲ್ಲವೂ ಬಂತು. ಈಗ ನಾನು ಬೇರೆ ಕಂಪನಿಯಲ್ಲಿದ್ದೇನೆ, ಕೆಲಸ ಅದೇ. ಈಗಿನ ಕಾರ್ಡುಗಳಲ್ಲಿ ಚಿಪ್ ಇದೆ, ಜನ ಫೋನಿನಲ್ಲೇ ದುಡ್ಡು ಕಳಿಸುತ್ತಾರೆ, ಇನ್ನೇನು ಭಯ ಎಂದು ಆಫೀಸಿನಲ್ಲಿ ಹೇಳುತ್ತಾರೆ. ಹೋದ ತಿಂಗಳು ಹಂಪಿಯ ಮಷಿನ್ನಿಗೆ ಹೋದಾಗ ಕೀಲಿಗಳ ಮೇಲಿನ ಮುಚ್ಚಳ ಇನ್ನೂ ಮುರಿದೇ ಇತ್ತು. ವಿದೇಶದ ಒಬ್ಬಾಕೆ ಯಾವ ಮರೆಯೂ ಇಲ್ಲದೆ ಪಿನ್ ಒತ್ತುತ್ತಿದ್ದಳು. ಕೈ ಅಡ್ಡ ಹಿಡಿಯಿರಿ ಎಂದು ಸನ್ನೆ ಮಾಡಿದರೆ, ಕಳ್ಳನನ್ನು ನೋಡುವ ಹಾಗೆ ನನ್ನನ್ನೇ ನೋಡಿ ಚೀಲ ಅವುಚಿಕೊಂಡು ಹೊರಟಳು. ಮುಚ್ಚಳಕ್ಕಾಗಿ ಈ ವರ್ಷ ಮೂರನೆಯ ಸಲ ಬರೆದು ಕಳಿಸಿದ್ದೇನೆ. ಪರಿಶೀಲನೆಯಲ್ಲಿದೆಯಂತೆ.