ಊರಿಗೆ ಹೋಗಬಾರದೆಂಬ ಷರತ್ತು

ಸಿಂಗಪುರದ ಸೆಂಬವಾಂಗ್‌ನಲ್ಲಿ ನಾವಿದ್ದ ಬಾಡಿಗೆ ಫ್ಲ್ಯಾಟಿನ ಇನ್ನೊಂದು ಕೋಣೆಯಲ್ಲಿ ಶ್ರೀಲಂಕಾದ ಜಾಫ್ನಾದ ಹೆಂಗಸೊಬ್ಬಳು ಇದ್ದಳು. ಟುವಾಸ್‌ನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ ಕಂಪನಿ ಬಸ್ ಹಿಡಿಯುತ್ತಿದ್ದಳು. ನಮ್ಮವರು ಐಟಿಯಲ್ಲಿದ್ದರು, ನಾನು ಮನೆಯಲ್ಲೇ ಇರುತ್ತಿದ್ದೆ. ಅವಳಿಗೆ ನಾನು ‘ಅಕ್ಕಾ’. ಇಂಗ್ಲಿಷಿಗೆ ನನ್ನ ಅರೆಬರೆ ತಮಿಳು ಸೇರಿಸಿ ಮಾತಾಡುತ್ತಿದ್ದೆವು.

ಅವಳ ಗಂಡ ಊರಲ್ಲಿ ತಮಿಳು ಪತ್ರಿಕೆಯೊಂದರ ವರದಿಗಾರ. ಒಂದು ಸಂಜೆ ಸೈಕಲ್ ಹತ್ತಿ ಹೋದವನು ಮರಳಲಿಲ್ಲ. ಆಮೇಲೆ ಗುರುತಿಲ್ಲದ ಗಂಡಸರು ಮನೆಗೆ ಬಂದು ಅವಳನ್ನೇ ವಿಚಾರಿಸತೊಡಗಿದರು. ಹೇಗೋ ಇಲ್ಲೊಂದು ಕೆಲಸ ಗಿಟ್ಟಿಸಿಕೊಂಡು ಅವಳು ಹೊರಟುಬಂದಳು. ತಾಯಿ ಅಲ್ಲೇ ಉಳಿದರು.

ಆಗ ಸಿಂಗಪುರದಲ್ಲಿ ಕೆಲಸಕ್ಕೇನೂ ಬರವಿರಲಿಲ್ಲ, ಎತ್ತ ನೋಡಿದರೂ ಕ್ರೇನುಗಳು. ಆದರೂ ಅವಳ ಕಂಪನಿ ಲ್ಯಾಬನ್ನು ಬೇರೆ ದೇಶಕ್ಕೆ ಸಾಗಿಸುತ್ತಿತ್ತು. ಕೆಲಸ ಹೋದರೆ ಇಲ್ಲಿರಲು ಕೊಟ್ಟ ಪಾಸ್ ಹೋಗುತ್ತದೆ, ಪಾಸ್ ಹೋದರೆ ದೇಶ ಬಿಡಬೇಕು. ಸಿಂಗಪುರ ಯಾರಿಗೂ ಆಶ್ರಯದ ವೀಸಾ ಕೊಡುವುದಿಲ್ಲ. ಮೆಲ್ಬರ್ನ್‌ನಲ್ಲಿದ್ದ ಅವಳ ತಮ್ಮ ಆಸ್ಟ್ರೇಲಿಯಾದ ಆಶ್ರಯದ ವೀಸಾಕ್ಕೆ ಅರ್ಜಿ ಹಾಕಿಸಿದ.

ಅದರ ಷರತ್ತುಗಳನ್ನು ಅವಳು ಅಕ್ಕಿ ಆರಿಸುತ್ತ ನನಗೆ ವಿವರಿಸಿದಳು. “ಯುದ್ಧ ನಡೀತಿದೆ ಅಂದ್ರೆ ಸಾಲದು ಅಕ್ಕಾ. ನನಗೇ ಅಪಾಯ ಇದೆ, ಯಾಕಿದೆ ಅಂತ ತೋರಿಸ್ಬೇಕು. ಮತ್ತೆ ನಾನು ನನ್ನ ದೇಶದ ಹೊರಗೇ ಇರ್ಬೇಕು.”

ವೀಸಾ ಸಂದರ್ಶನಕ್ಕೆಂದು ಅವಳಿಗೆ ಅಭ್ಯಾಸ ಮಾಡಿಸುತ್ತಿದ್ದೆ. ನಾನೇ ಅಧಿಕಾರಿ.

“ನೀವು ಇಲ್ಲಿಗೆ ಬಂದದ್ದು ಕೆಲಸಕ್ಕೋ, ಭಯಕ್ಕೋ?”

“ಎರಡಕ್ಕೂ. ಹಾಗೆ ಹೇಳ್ಬಹುದಾ?”

ಕೆಲಸಕ್ಕೆ ಅಂದರೆ ಭಯ ಸುಳ್ಳಾಗುತ್ತದೆ, ಭಯಕ್ಕೆ ಅಂದರೆ ಪಾಸ್ ಸುಳ್ಳಾಗುತ್ತದೆ. “ಇದ್ದದ್ದನ್ನೇ ಹೇಳು” ಅಂದೆ, ಅಂದ ಮೇಲೆ ನನಗೇ ಧೈರ್ಯ ಸಾಲದಾಯಿತು.

ನಮ್ಮವರ ಚಿಂತೆ ಬೇರೆಯಿತ್ತು. “ಪಾಸ್ ಮುಗದ ಮ್ಯಾಲೆ ಆಕಿ ಇಲ್ಲಿ ಇರೂಹಂಗಿಲ್ಲ. ಇಲ್ಲೇ ಕಾಯಂ ಇರೂ ನಮ್ಮ ಪಿಆರ್ ಅರ್ಜಿ ಇನ್ನೂ ಪೆಂಡಿಂಗ್ ಅದ. ಯಾರರ ಬಂದು ಕೇಳಿದ್ರ ಏನ್ ಹೇಳೂದು?”

“ಆಕಿ ಎಲ್ಲಿಗೆ ಹೋಗಬೇಕ್ರಿ?”

“ಅದ ನನಗೂ ತಿಳೀವಲ್ದು” ಅಂದು ಟಿವಿ ಆರಿಸಿದರು. ಆಮೇಲೆ ಬಾಗಿಲು ತಟ್ಟಿದ ಸದ್ದಾದರೆ ಸಾಕು, ಕಿಂಡಿಯಲ್ಲಿ ನೋಡದೆ ನಾನು ಚಿಲಕ ತೆಗೆಯುತ್ತಿರಲಿಲ್ಲ.

ಸಂದರ್ಶನದ ದಿನ ಹತ್ತಿರವಾದಾಗ ಜಾಫ್ನಾದಿಂದ ನೆರೆಮನೆಯವರು ಫೋನ್ ಮಾಡಿದರು. ತಾಯಿಗೆ ಲಕ್ವ ಹೊಡೆದಿತ್ತು. ಅವಳು ಬ್ಯಾಗು ಕೆಳಗಿಳಿಸಿ ಬಟ್ಟೆ ತುಂಬಿದಳು. ತಮ್ಮನಿಗೆ ಫೋನ್ ಮಾಡಿದಳು. ಅವನು ಅಳುತ್ತಿದ್ದುದು ನನಗೂ ಕೇಳಿಸುತ್ತಿತ್ತು. ಹೋದರೆ ದೇಶದ ಹೊರಗಿರಬೇಕೆಂಬ ಷರತ್ತೇ ಮುರಿದುಬೀಳುತ್ತದೆ, ಭಯವಿದ್ದವಳು ಹೇಗೆ ವಾಪಸ್ ಹೋದಳು ಅಂತ ಕೇಳುತ್ತಾರೆ, ಅದಕ್ಕಿಂತ ಹೆಚ್ಚಾಗಿ ಅಲ್ಲಿ ನಿನಗೆ ಏನಾದರೂ ಆದರೆ, ಅಂದ. ಅವಳು ಫೋನ್ ಇಟ್ಟು ನನ್ನತ್ತ ನೋಡಿದಳು. ಅವಳ ಪಕ್ಕದಲ್ಲಿ ಕೂತೆ, ಅಷ್ಟೆ.

ಆ ವಾರವೇ ತಾಯಿ ತೀರಿಕೊಂಡರು. ತುಂಬಿಟ್ಟ ಬ್ಯಾಗು ಹಾಗೇ ಇತ್ತು. ಅವಳು ತಲೆಗೆ ಸ್ನಾನ ಮಾಡಿ ಅಡುಗೆಮನೆಯಲ್ಲಿ ದೀಪ ಹಚ್ಚಿದಳು. ನಮ್ಮವರು ರಜೆ ಹಾಕಿ ಮನೆಯಲ್ಲೇ ಉಳಿದರು, ಅನ್ನ ಸಾರು ತಾವೇ ಮಾಡಿದರು.

ಸಂದರ್ಶನ ಮುಗಿಸಿ ಬಂದವಳ ಮುಖ ಬಿಳಿಚಿತ್ತು. ಅಧಿಕಾರಿಣಿ ಗಂಡನ ವಿಷಯವೆಲ್ಲ ಕೇಳಿ, ಕೊನೆಗೆ ತಾಯಿ ಎಲ್ಲಿದ್ದಾರೆ ಎಂದಳಂತೆ.

“ತೀರ್ಕೊಂಡ್ರು ಅಂದೆ. ಹೋಗಿದ್ರಾ ಅಂದ್ಲು. ಇಲ್ಲ ಅಂದೆ. ಮುಂದೆ ಏನೂ ಕೇಳ್ಲಿಲ್ಲ ಅಕ್ಕಾ, ಬರ್ಕೊಂಡ್ಲು. ಒಳ್ಳೇದಕ್ಕೋ ಕೆಟ್ಟದ್ದಕ್ಕೋ ಗೊತ್ತಾಗ್ಲಿಲ್ಲ.”

ಉತ್ತರ ಬರುವ ಮೊದಲೇ ಪಾಸ್ ಮುಗಿಯಿತು. ಸದ್ಯಕ್ಕೆ ಮಲೇಷ್ಯಾದ ವಿಸಿಟ್ ವೀಸಾ ಸಿಕ್ಕಿತು. ಕ್ವಾಲಾಲಂಪುರದಲ್ಲಿ ದೂರದ ನೆಂಟರೊಬ್ಬರು ಜಾಗ ಕೊಡುತ್ತೇವೆಂದರು. ವುಡ್‌ಲ್ಯಾಂಡ್ಸ್‌ನಲ್ಲಿ ಅವಳನ್ನು ಗಡಿ ದಾಟುವ ಬಸ್ ಹತ್ತಿಸಿದೆವು. ಬ್ಯಾಗು ಹೊತ್ತದ್ದು ನಮ್ಮವರೇ. ಅವಳು ಕಾಸ್‌ವೇ ಸೇತುವೆ ದಾಟಿ, ಆ ಬದಿಯ ಪಾಸ್‌ಪೋರ್ಟ್ ಕೌಂಟರಿನಲ್ಲೂ ಬಿಟ್ಟರು ಎಂದು ಮೆಸೇಜ್ ಕಳಿಸುವವರೆಗೆ ನಾವಿಬ್ಬರೂ ನಿಲ್ದಾಣ ಬಿಟ್ಟು ಕದಲಲಿಲ್ಲ.

ನಂತರದ ತಿಂಗಳುಗಳಲ್ಲಿ ಅವಳ ನಂಬರು ಕಂಡರೆ ಫೋನ್ ಎತ್ತಲು ಹೆದರಿಕೆ. ವಿಸಿಟ್ ವೀಸಾ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದಾಗ ಫೋನ್ ಬಂತು.

“ಅಕ್ಕಾ, ಆಸ್ಟ್ರೇಲಿಯಾ ವೀಸಾ ಬಂತು.” ಅವಳ ದನಿಯಲ್ಲಿ ಸಂತೋಷವೇನೂ ಕೇಳಿಸಲಿಲ್ಲ, ಬರೀ ದಣಿವು.

“ಊಟ ಆಯ್ತಾ?” ಎಂದೆ.

“ಈಗ ಮಾಡ್ತೀನಿ” ಅಂದಳು.

ಸಂಜೆ ನಮ್ಮವರಿಗೆ ಹೇಳಿದೆ. “ಹಾಂ, ಚಲೋ ಆತು” ಅಂದವರು ಶೂ ಬಿಚ್ಚುವುದನ್ನೂ ಮರೆತು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ನಾನು ಚಹಾಕ್ಕಿಟ್ಟೆ.