ಹಗೇವು ತೆರೆದ ದಿನ

ನಮ್ಮಪ್ಪನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಮನೆಯ ಮುಂದೆ ನೆಲದೊಳಗೆ ಜೋಳ ತುಂಬಿಡುವ ಹಗೇವನ್ನು ಊರು ಏಳುವ ಮೊದಲೇ ತೆರೆಸಿ, ಒಂದೆರಡು ಚೀಲ ತೆಗೆಸಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಸಿಬಿಡುತ್ತಿದ್ದ. "ನಾವೂ ಬಡವ್ರೇ. ಕೈ ಹಿಡದು ಖರ್ಚ ಮಾಡು" ಎಂದು ಅವ್ವನಿಗೆ ಹೇಳುತ್ತಿದ್ದ. ಅವ್ವ ನಂಬಿದ್ದಳು. ಜೋಳ ಹಸನು ಮಾಡಲು ಬರುತ್ತಿದ್ದ ಮುದುಕಿ ಕೂಲಿಯ ಮೇಲೆ ಒಂದು ಬೊಗಸೆ ಹೆಚ್ಚು ಕೇಳಿದರೆ, "ನಮಗರ ಎಲ್ಲಿ ಐತೆವ್ವ" ಎಂದು ನಿಜವಾಗಿಯೂ ನೊಂದು ಹೇಳುತ್ತಿದ್ದಳು.

ಪೊಲೀಸ್ ಆ್ಯಕ್ಷನ್ನಿನಲ್ಲಿ ನಿಜಾಮಶಾಹಿ ಹೋಯಿತು, ಸರ್ಕಾರಕ್ಕೆ ಜೋಳ ಕೊಡುವ ಲೆವಿ ಮಾತ್ರ ಹೋಗಲಿಲ್ಲ. ಒಂದು ವರ್ಷ, ನಿಲಂಗಾದಿಂದ ಕಂದಾಯದ ಅಧಿಕಾರಿ ಗಿರ್ದಾವರ ವಸೂಲಿಗೆ ಬರುವ ಹಿಂದಿನ ದಿನ, ಯಾರು ಎಷ್ಟು ಕೊಡಬೇಕೆಂದು ಗೊತ್ತುಮಾಡಲು ಊರವರು ಚಾವಡಿಯಲ್ಲಿ ಸೇರಿದರು.

"ಮನಿಗೊಂದು ಚೀಲ. ಎಲ್ಲಾರಿಗೂ ಸಮ" ಎಂದ ಅಪ್ಪ. ಕೂಲಿಯವರೂ ಹೂಂ ಅಂದರು, ಆ ಮುದುಕಿಯೂ ಅಂದಳು.

ಗಿರ್ದಾವರ ಅಪ್ಪನಿಗಿಂತ ಸಂಶಯದ ಮನುಷ್ಯ. ಬಂದವನೇ ಎಲ್ಲ ಹಗೇವುಗಳನ್ನೂ ಹಾಡುಹಗಲೇ ತೆರೆಸಿದ. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ಹಗ್ಗ ಕಟ್ಟಿದ ಕಂದೀಲು ಇಳಿಬಿಟ್ಟರು. ನಮ್ಮದರಲ್ಲಿ ಕಂದೀಲು ಹೆಚ್ಚು ಇಳಿಯಲೇ ಇಲ್ಲ, ಜೋಳಕ್ಕೆ ತಾಗಿ ನಿಂತಿತು. ಓಣಿಯೆಲ್ಲ ಬಗ್ಗಿ ನೋಡಿತು. ಅವ್ವನೂ ಸೆರಗು ಹಿಡಿದುಕೊಂಡು ಬಗ್ಗಿದಳು.

ಮುದುಕಿ ತಲೆ ಎತ್ತಿದಳು. "ಧಣೇರ, ನಮ್ಮ ಮನ್ಯಾಗ ಇರೋದೇ ಒಂದು ಚೀಲ. ಅದನ್ನ ಕೊಟ್ಟು ಸುಗ್ಗಿತನಕ ಏನ್ ತಿನ್ಲಿ? ಇದರಾಗಿಂದೂ ಒಂದೇ ಚೀಲ ತಗೀತಾರೇನ್ರೀ?"

"ನಿನ್ನಿ ಹೂಂ ಅಂದೀಯಲ್ಲ?" ಎಂದ ಅಪ್ಪ.

"ನಿನ್ನಿ ಇದು ಮುಚ್ಚಿತ್ರೀ."

ಊರವರು ಮತ್ತೆ ಕೂತರು. ಹಗೇವು ನೋಡಿ ಲೆವಿ, ಇಲ್ಲದವರಿಗೆ ಇಲ್ಲ ಎಂದಾಯಿತು. ಮುದುಕಿಯ ಚೀಲ ಉಳಿಯಿತು.

ಆಕೆಯ ಕಿವಿ ಊದಿದವರು ಯಾರು ಎಂದು ಅಪ್ಪ ಶಾಲೆಯ ಮಾಸ್ತರರನ್ನು ಶಂಕಿಸಿದ, ಕಾಸಾರಶಿರಸಿಯ ಅಡತಿ ವ್ಯಾಪಾರಿಯನ್ನು ಶಂಕಿಸಿದ, ಕೊನೆಗೆ ನನ್ನನ್ನೂ ಬಿಡಲಿಲ್ಲ. ಕಣ್ಣಾರೆ ನೋಡಿದ ಮೇಲೆ ಮನುಷ್ಯರು ತಾವಾಗಿಯೇ ಮಾತು ಬದಲಿಸಬಹುದು ಎಂಬುದು ಆತನ ತಲೆಗೆ ಹೋಗಲೇ ಇಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವತ್ತಿಗೂ ಯಾರಾದರೂ ಎದೆ ತಟ್ಟಿ "ಎಲ್ಲರಿಗೂ ಸಮ" ಎಂದರೆ, ಇವರ ಮನೆಯಲ್ಲಿ ಮುಚ್ಚಿಟ್ಟದ್ದು ಏನಿದೆಯೋ ಎಂದೇ ನನಗೆ ಮೊದಲು ಅನಿಸುತ್ತದೆ.

ಹಗೇವು ತೆರೆದ ದಿನ ಸಂಜೆ ಊಟಕ್ಕೆ ಕೂತ ಅಪ್ಪ ಅವ್ವನಿಗೆ ಹೇಳಿದ. "ಇನ್ನ ಮ್ಯಾಲ ಆ ಮುದುಕೀನ ಮನಿಗಿ ಕರೀಬ್ಯಾಡ. ಎಲ್ಲಾ ನೋಡ್ಯಾಳ ಆಕಿ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನಾನೂ ನೋಡೀನ್ರೀ. ನನ್ನ ಎಲ್ಲಿಗಿ ಕಳಸ್ತೀರಿ?"