ಬಿಪಿ ಅಂತ ಹೇಳು, ಸಾಕು

ನಮ್ಮ ಮನೆತನದಲ್ಲಿ ಬಿಪಿ ಎಂದರೆ ಮರ್ಯಾದಸ್ತರ ಕಾಯಿಲೆ. ಧಾರವಾಡ ಬಿಟ್ಟು ಪುಣೆಯಲ್ಲಿ ನೆಲೆಸಿದ ನನ್ನ ಗಂಡನ ಕಡೆಯವರು ಒಂದೆಡೆ ಸೇರಿದರೆ ಸಾಕು, ಯಾರ ಬಿಪಿ ಎಷ್ಟೆಂದು ಮಕ್ಕಳ ಪರೀಕ್ಷೆಯ ಅಂಕಗಳ ಹಾಗೆ ಒಪ್ಪಿಸುತ್ತಾರೆ. ಹೀಗಾಗಿ ನನಗೂ ಅದು ಬಂದಾಗ ಯಾರೂ ಗಾಬರಿಯಾಗಲಿಲ್ಲ. ಗಂಡನ ಅಣ್ಣ, ಅಂದರೆ ನಮ್ಮ ಭಾವನವರು, "ಬಾರವಾ, ನಮ್ಮ ಪಂಗಡಕ್ಕ ಬಂದಿ" ಎಂದು ನಕ್ಕರು.

ಅದಕ್ಕೂ ಮೊದಲೇ ಬಂದಿದ್ದ ಇನ್ನೊಂದು ಕಾಯಿಲೆಗೆ ಮಾತ್ರ ಈ ಸ್ವಾಗತ ಸಿಕ್ಕಿರಲಿಲ್ಲ. ನಾನು ಕೆಲಸ ಮಾಡುತ್ತಿದ್ದ ಬ್ಯಾಂಕಿನ ಶಾಖೆ ಮುಚ್ಚಿತ್ತು. ದೂರದ ಊರಿಗೆ ವರ್ಗವಾಗುವುದು ಬೇಡವೆಂದು ನೌಕರಿ ಬಿಟ್ಟಿದ್ದೆ. ಗಂಡ ಬೆಳಗಾಗುತ್ತಲೇ ಕಂಪನಿ ಬಸ್ಸು ಹತ್ತಿ ರಾಂಜಣಗಾಂವದ ಕಾರ್ಖಾನೆಗೆ ಹೋದರೆ, ನಾನು ನೈಟಿಯಲ್ಲೇ ಸೋಫಾದ ಮೇಲೆ ಕುಳಿತಿರುತ್ತಿದ್ದೆ. ಸ್ನಾನ ಬೇಡ, ಅಡುಗೆ ಬೇಡ, ಹಸಿವಾದರೆ ಡಬ್ಬಿಯಲ್ಲಿದ್ದ ಚಿವಡಾ. ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಫೋನು ಬಡಿದುಕೊಂಡರೆ ಎತ್ತುವ ಮನಸ್ಸೂ ಇರಲಿಲ್ಲ. ಇದನ್ನೆಲ್ಲ ನೋಡಿ ಮನೆಯವರು ಕಂಡುಹಿಡಿದದ್ದು ಇಷ್ಟೇ: "ಅಕಿಗೆ ಆರಾಮ ರೂಢಿ ಆಗೇದ."

ಭಾವನವರು ಸರ್ಕಾರಿ ಕಚೇರಿಯಲ್ಲಿ ಸಾಹೇಬರಾಗಿದ್ದು ನಿವೃತ್ತರಾದವರು. ತಪಾಸಣೆ ಮಾಡಲು ಅವರಿಗೆ ಈಗ ಉಳಿದದ್ದು ನನ್ನ ತೋಳೊಂದೇ. ಪ್ರತಿ ಭಾನುವಾರ ಬಿಪಿ ನೋಡುವ ಯಂತ್ರವನ್ನು ಬಗಲಲ್ಲಿಟ್ಟುಕೊಂಡು ಬರುತ್ತಿದ್ದರು. ಅಂಕಿ ಏರಿದ್ದರೆ ಬೆಳ್ಳುಳ್ಳಿ, ಇನ್ನೂ ಏರಿದ್ದರೆ ಪ್ರಾಣಾಯಾಮ. ನನ್ನ ಮುಖವನ್ನು ಅವರು ಒಮ್ಮೆಯಾದರೂ ನೋಡಿದ್ದು ನನಗೆ ನೆನಪಿಲ್ಲ.

ಆಷಾಢದ ಯಾತ್ರೆಯ ಪಲ್ಲಕ್ಕಿ, ಇಲ್ಲಿಯವರ ಪಾಲಖಿ, ಹತ್ತಿರದ ಸಾಸವಡಕ್ಕೆ ಬಂದ ದಿನ, "ಸೇವಾ ಮಾಡಿದರ ಮನಸ್ಸು ಹಗುರಾಗತದ" ಎಂದು ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಅದರ ಜೊತೆ ನಡೆದು ಹೊರಟ ಯಾತ್ರಿಕರಿಗೆ, ಅಂದರೆ ವಾರಕರಿಗಳಿಗೆ, ಬಾಳೆಹಣ್ಣು ಹಂಚುವ ಕೆಲಸ ನನ್ನದು. ತಾಳ ಬಾರಿಸುತ್ತ, ಕುಣಿಯುತ್ತ ಅಷ್ಟೊಂದು ಜನ ಎದುರಿಗೆ ಹೋಗುತ್ತಿದ್ದರೆ ನನಗೆ ಇದ್ದಕ್ಕಿದ್ದಂತೆ ಅಳು ಬಂತು. ಬುಟ್ಟಿಯನ್ನು ಗಂಡನ ಕೈಗಿಟ್ಟು ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

"ಯಾಕವಾ, ಕಾಲು ನೋಯತಾವೇನು?" ಎಂದು ಭಾವನವರು ಕೇಳಿದರು.

"ಇಲ್ರೀ. ಯಾತಕ್ಕ ಬದುಕಬೇಕು ಅನ್ನೋದ ತಿಳೀವಲ್ತು ನನಗ."

ಅವರು ಚೀಲದಿಂದ ಯಂತ್ರ ತೆಗೆದರು. ಅಲ್ಲೇ, ಆ ಜನಸಾಗರದ ನಡುವೆ, ನನ್ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿಸಿದರು. "ಹೇಳಿದ್ದಿಲ್ಲೇನು ನಾ? ಭಾಳ ಏರೇದ. ಮೊದಲ ಉಪ್ಪಿನಕಾಯಿ ಬಿಡು." ಗಂಡ ತಲೆಯಾಡಿಸಿದರು.

ಪುಣೆಯ ಕ್ಯಾಂಪ್ ಬಡಾವಣೆಯಲ್ಲಿದ್ದ ನಮ್ಮ ಹಳೆಯ ಡಾಕ್ಟರರೂ ಇವರಿಗಿಂತ ಬೇರೆಯಲ್ಲ. ಹೋದಾಗಲೆಲ್ಲ ಯಂತ್ರ ನೋಡುವುದು, ಗುಳಿಗೆ ಹೆಚ್ಚಿಸುವುದು. ಪುಣ್ಯಕ್ಕೆ ಅವರೊಮ್ಮೆ ರಜೆ ಹಾಕಿದರು. ಅವರ ಕುರ್ಚಿಯಲ್ಲಿ ಕುಳಿತಿದ್ದ ಹುಡುಗಿಯಂಥ ಡಾಕ್ಟರು ನನ್ನ ಹಳೆಯ ಚೀಟಿಗಳನ್ನು ಪಕ್ಕಕ್ಕಿಟ್ಟು, ಮರಾಠಿಯಲ್ಲಿ ಕೇಳಿದಳು: "ಕಾಕೂ, ಈ ಗುಳಿಗೆ ದಿನಾ ತಗೋತೀರಾ?"

"ಇಲ್ಲ."

"ಯಾಕೆ?"

"ತಗೊಂಡು ಏನು ಮಾಡೋದಿದೆ?"

ಆಕೆ ಪೆನ್ನು ಕೆಳಗಿಟ್ಟಳು. ನಿದ್ದೆ, ಊಟ, ಅಳು, ಸಾಯುವ ಯೋಚನೆ, ಎಲ್ಲವನ್ನೂ ಕೇಳಿದಳು. ನಾನು ಎಲ್ಲಕ್ಕೂ ಉತ್ತರ ಕೊಟ್ಟೆ. ಆಮೇಲೆ ತಿಳಿಯುವ ಹಾಗೆ ಹೇಳಿದಳು: ಮನಸ್ಸು ಕುಸಿದರೆ ನಿದ್ದೆ ಕೆಡುತ್ತದೆ, ಓಡಾಟ ನಿಲ್ಲುತ್ತದೆ, ಗುಳಿಗೆ ತಪ್ಪುತ್ತದೆ, ಇದೆಲ್ಲ ಸೇರಿ ರಕ್ತದೊತ್ತಡವನ್ನೂ ಏರಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದು ಕೊಟ್ಟರೆ ಸಾಲದು. ಮನಸ್ಸಿನ ಕೆಲವು ಮಾತ್ರೆಗಳೂ ಬಿಪಿ ಹೆಚ್ಚಿಸಬಹುದು, ಅದಕ್ಕೇ ಮನೋವೈದ್ಯರಿಗೆ ಬಿಪಿಯ ಸಂಗತಿಯನ್ನೂ ಹೇಳಬೇಕು. ಅವರಿಗೆ ತಾನೇ ಫೋನು ಮಾಡಿ, ನನಗೆ ಸಮಯ ಗೊತ್ತುಮಾಡಿಕೊಟ್ಟಳು.

ಮನೆಯಲ್ಲಿ ಸಭೆ ಸೇರಿತು. "ಹುಚ್ಚರ ಡಾಕ್ಟರ ಕಡೆ ಹೋಗತೀ?" ಎಂದರು ಗಂಡ. ಭಾವನವರು ಧ್ವನಿ ತಗ್ಗಿಸಿ, "ಹೋಗೋದಿದ್ದರ ಹೋಗು. ಯಾರರೆ ಕೇಳಿದರ ಬಿಪಿ ಅಂತ ಹೇಳು, ಸಾಕು" ಎಂದು ಅಪ್ಪಣೆ ಕೊಟ್ಟರು. ನಾನು ಸಾಯಬೇಕೆಂದುಕೊಂಡಾಗ ತಟ್ಟದ ಗಾಬರಿ, ನಾನು ಬದುಕಲು ಹೊರಟಾಗ ಇವರಿಗೆ ತಟ್ಟಿತು.

ಹೋದೆ. ಮಾತಾಡಿದೆ, ಎರಡು ಬಗೆಯ ಗುಳಿಗೆಯನ್ನೂ ತಪ್ಪದೆ ನುಂಗಿದೆ. ಬೇಗ ಏನೂ ಆಗಲಿಲ್ಲ. ತಿಂಗಳುಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಝುಣಕ ತಿನ್ನಬೇಕೆನಿಸಿತು. ನಾನೇ ಎದ್ದು ಕಡಲೆಹಿಟ್ಟು ಕಲಸಿ ಮಾಡಿಕೊಂಡು ತಿಂದೆ. ಆಮೇಲಾಮೇಲೆ ಸಂಜೆ ನಡೆಯಲು ಹೋಗತೊಡಗಿದೆ. ಬಿಪಿ ಹದಕ್ಕೆ ಬಂತು.

ಸಂಕ್ರಾಂತಿಗೆ ಎಲ್ಲರೂ ಸೇರಿದಾಗ ಭಾವನವರು ಎಳ್ಳು ಬೆಲ್ಲ ಮೆಲ್ಲುತ್ತ, "ನೋಡ್ರಿ, ಬೆಳ್ಳುಳ್ಳಿ ಪ್ರಭಾವ!" ಎಂದು ನನ್ನತ್ತ ಕೈ ಮಾಡಿದರು.

"ಬೆಳ್ಳುಳ್ಳಿ ಅಲ್ರೀ ಭಾವಾ. ನನಗ ಖಿನ್ನತೆ ಆಗಿತ್ತು. ಅದಕ್ಕ ಔಷಧ ನಡದದ, ಅದಕ್ಕ ಬಿಪಿನೂ ಇಳದದ" ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಯಾರೋ ತಟ್ಟನೆ ಈ ಸಲದ ಚಳಿಯ ಮಾತು ತೆಗೆದರು. ಎಲ್ಲರೂ ಅದಕ್ಕೆ ಜೋತುಬಿದ್ದರು.

ಈಗ ಗಂಡನೇ ನನ್ನನ್ನು ಸ್ಕೂಟರಿನಲ್ಲಿ ಮನೋವೈದ್ಯರ ಹತ್ತಿರ ಕರೆದೊಯ್ಯುತ್ತಾರೆ. ಒಳಗೆ ಬರುವುದಿಲ್ಲ, ಗೇಟಿನ ಹೊರಗೇ ಕಾಯುತ್ತಾರೆ. ಪೊಲೀಸರು ಎಷ್ಟು ಹೇಳಿದರೂ ಹೆಲ್ಮೆಟ್ ಹಾಕದ ಈ ಪುಣೆಯ ಗಂಡಸು, ಅಲ್ಲಿ ಮಾತ್ರ ಅದನ್ನು ತಲೆಗೆ ಬಿಗಿದುಕೊಂಡು, ಗಾಜನ್ನೂ ಇಳಿಸಿಕೊಂಡು, ನಿಂತ ಗಾಡಿಯ ಮೇಲೆ ಬೆವರುತ್ತ ಕೂತಿರುತ್ತಾರೆ.